ಡ್ರಿಲ್ ಬಿಟ್ಟಿಗೆ ಬಂಗಾರದ ಬಣ್ಣ ಬಂದದ್ದು ಹೇಗೆ?

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ. ಅಂದು ಬರಲಾಗದ ಓದುಗರಿಗಾಗಿ ಇಲ್ಲಿ ಕೊಡಲಾಗಿದೆ.)



ಈ ಶಿಬಿರದಲ್ಲಿ ಇದುವರೆಗೆ ನೀವು ನಾಮಫಲಕದ ಬಗ್ಗೆ ಕೇಳಿದ್ದೀರಿ, ಬ್ಯಾಂಕಿನ ಚಲನ್ ಬಗ್ಗೆ ಕೇಳಿದ್ದೀರಿ, ರೈಲ್ವೆ ಪರೀಕ್ಷೆಯ ಬಗ್ಗೆ ಕೇಳಿದ್ದೀರಿ. ಎಲ್ಲವೂ ಬೇಕಾದ ಮಾತೇ. ನಾನು ಮಾತಾಡಬೇಕೆಂದಿರುವುದು ಒಂದು ಡ್ರಿಲ್ ಬಿಟ್ಟಿನ ಬಗ್ಗೆ. ನಗಬೇಡಿ. ಈ ಬಿಟ್ಟಿನ ಮೈಮೇಲೆ ಇರುವ ಹಳದಿ ಬಣ್ಣಕ್ಕೂ ನಮ್ಮ ಹುಡುಗರ ಅನ್ನಕ್ಕೂ ನೇರ ಸಂಬಂಧ ಇದೆ.

೧೯೮೬ರಲ್ಲಿ ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟಿತು. ಅಂದಿನಿಂದ ನಾವು ಕೇಳುತ್ತಲೇ ಇದ್ದೇವೆ, ಅವರು ಒಂದೇ ಉತ್ತರ ಕೊಡುತ್ತಲೇ ಇದ್ದಾರೆ. ೨೦೨೪ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಾಗ ಏನಾಯಿತು? ಉದ್ಯಮಿಗಳು ಕೂಗೆಬ್ಬಿಸಿದರು, ಎರಡೇ ದಿನದಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಅವರ ಕೂಗಿನ ತಿರುಳು ಏನು? "ಕೌಶಲ ಇರುವವರು ಇಲ್ಲಿ ಸಿಗುವುದಿಲ್ಲ." ಇದಕ್ಕೆ ಘೋಷಣೆಯ ಉತ್ತರ ಒಂದು. ಅದನ್ನು ನಾವು ಚೆನ್ನಾಗಿ ಕೊಡುತ್ತೇವೆ. ಇನ್ನೊಂದು ಉತ್ತರ, ಆ ಕೌಶಲ ಎಂದರೆ ಏನು, ಅದು ಯಾವ ಭಾಷೆಯಲ್ಲಿ ಬೀಗ ಹಾಕಿಕೊಂಡು ಕೂತಿದೆ ಎಂದು ಬಿಚ್ಚಿ ನೋಡುವುದು. ಒಂದು ಕೌಶಲವನ್ನಾದರೂ ಬಿಚ್ಚಿ ನೋಡೋಣ.

ಎಸ್.ಜೆ.ಪಿ. ರಸ್ತೆಗೆ ಹೋಗಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಡ್ರಿಲ್ ಬಿಟ್ ಕೇಳಿ. ಒಂದು ಬೂದು ಬಣ್ಣದ್ದು, ಇನ್ನೊಂದು ಬಂಗಾರದ ಬಣ್ಣದ್ದು ತೋರಿಸುತ್ತಾರೆ. ಬಂಗಾರದ ಬಣ್ಣದ್ದಕ್ಕೆ ಬೆಲೆ ಜಾಸ್ತಿ. ಏಕೆಂದು ಕೇಳಿದರೆ "ಕೋಟಿಂಗ್ ಸಾರ್" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಅದು ಬಂಗಾರ ಅಲ್ಲ, ಬಣ್ಣವೂ ಅಲ್ಲ. ಟೈಟಾನಿಯಂ ಎಂಬ ಲೋಹ ಮತ್ತು ನಾವು ಉಸಿರಾಡುವ ಗಾಳಿಯಲ್ಲೇ ಇರುವ ನೈಟ್ರೋಜನ್ ಸೇರಿ ಆದ ಟೈಟಾನಿಯಂ ನೈಟ್ರೈಡ್ ಎಂಬ ಪದಾರ್ಥ. ಅದರ ದಪ್ಪ ಎರಡರಿಂದ ನಾಲ್ಕು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು ೭೦ ಮೈಕ್ರಾನ್ ಎಂದರೆ ಅದರ ಇಪ್ಪತ್ತರಲ್ಲಿ ಒಂದು ಪಾಲು! ಇಷ್ಟು ತೆಳುವಾದ ಪೊರೆ ಉಕ್ಕಿನ ಹಲ್ಲನ್ನು ಕಾಯುತ್ತದೆ. ಉಕ್ಕಿಗೆ ಅಂಟಿಕೊಳ್ಳುವ ಬಿಸಿ ಚೂರುಗಳನ್ನು ಜಾರಿಸಿಬಿಡುತ್ತದೆ. ಬಿಟ್ಟು ಹಲವು ಪಟ್ಟು ಹೆಚ್ಚು ತೂತು ಕೊರೆಯುತ್ತದೆ. (ಅಗ್ಗದ ಮಾಲಿನಲ್ಲಿ ಬರೀ ಕಣ್ಣಿಗೆ ಕಾಣುವಷ್ಟು ಹಳದಿ ಸವರಿ ಮಾರುವವರೂ ಇದ್ದಾರೆ. ಬಣ್ಣ ನೋಡಿ ಮೋಸ ಹೋಗಬೇಡಿ.)

ಲೇಪ ಹಾಕುವುದು ನಮಗೆ ಹೊಸದೇ? ನಮ್ಮ ಬೀದಿಗಳಲ್ಲಿ "ಕಲಾಯ್... ಪಾತ್ರೆಗೆ ಕಲಾಯ್..." ಎಂದು ಕೂಗಿಕೊಂಡು ಬರುತ್ತಿದ್ದವರನ್ನು ನಿಮ್ಮಲ್ಲಿ ವಯಸ್ಸಾದವರು ನೋಡಿದ್ದೀರಿ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಇಟ್ಟರೆ ಕಿಲುಬು ಇಳಿಯುತ್ತದೆ. ಅದಕ್ಕೆ ಒಳಗೆ ತವರದ ಪೊರೆ ಕೊಡಬೇಕು. ಆತ ಏನು ಮಾಡುತ್ತಿದ್ದ? ನೆಲದಲ್ಲಿ ಗುಳಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ ಪಾತ್ರೆ ಕಾಯಿಸುತ್ತಿದ್ದ. ನವಸಾಗರದ ಪುಡಿ ಎರಚುತ್ತಿದ್ದ. ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ಆ ನವಸಾಗರ ಲೋಹದ ಮೇಲಿನ ಕಿಲುಬನ್ನು ಕಿತ್ತು ಹಾಕುತ್ತದೆ. ಆಮೇಲೆ ತವರದ ಕಡ್ಡಿ ಮುಟ್ಟಿಸಿದರೆ ೨೩೨ ಡಿಗ್ರಿಗೇ ಕರಗುವ ತವರ ನೀರಾಗಿ ಹರಿಯುತ್ತದೆ. ಹತ್ತಿಯ ಮುದ್ದೆಯಿಂದ ಸರ್‍ರನೆ ಸವರಿದರೆ ಪಾತ್ರೆಯೊಳಗೆ ಬೆಳ್ಳಿ ಬೆಳಕು!

ಈ ಕಸುಬಿನ ಜೀವ ಎಲ್ಲಿದೆ ಗೊತ್ತೇ? ತವರದಲ್ಲಿ ಅಲ್ಲ, ನವಸಾಗರದಲ್ಲಿ. ಅಂದರೆ ಮೇಲ್ಮೈಯನ್ನು ಶುದ್ಧ ಮಾಡುವುದರಲ್ಲಿ. ಕಿಲುಬಿನ ಮೇಲೆ ತವರ ಕೂರುವುದಿಲ್ಲ. ಇವತ್ತು ಕೋಟ್ಯಂತರ ರೂಪಾಯಿಯ ಯಂತ್ರದಲ್ಲಿ ಲೇಪ ಹಾಕುವ ಎಂಜಿನಿಯರಿಗೂ ಇದೇ ಮೊದಲ ಪಾಠ. ಕಲಾಯಿ ಹಾಕುವವನಿಗೆ ಅದು ಗೊತ್ತಿತ್ತು. ಅವನಿಗೆ ಸರ್ಟಿಫಿಕೇಟ್ ಇರಲಿಲ್ಲ, ಅಷ್ಟೇ.

ಕಲಾಯಿ, ಗಿಲೀಟು, ಮುಲಾಮು. ಈ ಮಾತುಗಳಲ್ಲಿ ಕೆಲವು ಹೊರಗಿನಿಂದ ಬಂದವು. ಇರಲಿ. ಬಂದು ನಮ್ಮ ನಾಲಿಗೆಯಲ್ಲಿ ಬಳಸಿ ಸವೆದು ನಮ್ಮವೇ ಆದವು. "ಅವನ ಮಾತೆಲ್ಲ ಗಿಲೀಟು" ಎಂದರೆ ಯಾರಿಗೆ ಅರ್ಥವಾಗುವುದಿಲ್ಲ? ಮಾತಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಲಾಯಿಯ ನಂತರ ಬಂದದ್ದು ವಿದ್ಯುತ್ ಲೇಪನ, ಎಲೆಕ್ಟ್ರೋಪ್ಲೇಟಿಂಗ್. ತೊಟ್ಟಿಯ ದ್ರಾವಣದಲ್ಲಿ ವಸ್ತುವನ್ನು ಮುಳುಗಿಸಿ ಕರೆಂಟು ಹಾಯಿಸಿ ಲೋಹ ಕೂರಿಸುವುದು. ಹೈಡ್ರಾಲಿಕ್ ರಾಡಿನ ಹೊಳಪು, ಹಳೆಯ ಸ್ಕೂಟರಿನ ಬಂಪರ್ ಹೊಳಪು, ಎಲ್ಲ ಕ್ರೋಮ್. ಗಟ್ಟಿ ಲೇಪಕ್ಕೆ ಬಹುಕಾಲ ಇದೇ ಗತಿ. ಆದರೆ ಆ ತೊಟ್ಟಿಯಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವ ವಿಷ. ತೊಟ್ಟಿಯ ಮೇಲೆ ಏಳುವ ಮಂಜನ್ನು ಉಸಿರಾಡಿದವನ ಮೂಗಿನ ನಡುಗೋಡೆಯೇ ತೂತು ಬೀಳಬಹುದು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಇಳಿದಿರುವುದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದರ ಬಾವಿ ನೀರು ಕುಡಿಯಲಾಗದು. ತೊಟ್ಟಿಯ ನೀರು ಇಲ್ಲದೆ ಲೇಪ ಹಾಕುವ ವಿದ್ಯೆ ನಮಗೆ ಯಾಕೆ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಆ ವಿದ್ಯೆಯಲ್ಲಿ ಎರಡು ದಾರಿ. ಒಂದು ಸಿ.ವಿ.ಡಿ., ಇನ್ನೊಂದು ಪಿ.ವಿ.ಡಿ. ಎರಡರಲ್ಲೂ ಪದಾರ್ಥ ಆವಿಯಾಗಿ ಬಂದು ವಸ್ತುವಿನ ಮೇಲೆ ಕೂರುತ್ತದೆ. ಮುಂಜಾನೆ ಹುಲ್ಲಿನ ಮೇಲೆ ಇಬ್ಬನಿ ಕೂತ ಹಾಗೆ. ಸಿ.ವಿ.ಡಿ.ಯಲ್ಲಿ ಅನಿಲಗಳು ಬಿಸಿ ಮೇಲ್ಮೈಯ ಹತ್ತಿರ ಬಂದು ರಾಸಾಯನಿಕ ಕ್ರಿಯೆಯಾಗಿ ಅಲ್ಲೇ ಗಟ್ಟಿ ಪದಾರ್ಥ ಹುಟ್ಟುತ್ತದೆ. ಪಿ.ವಿ.ಡಿ.ಯಲ್ಲಿ ಲೋಹದ ಗಟ್ಟಿಯಿಂದಲೇ ಕಣಗಳನ್ನು ಕಿತ್ತು ತಂದು ಕೂರಿಸುತ್ತಾರೆ.

ಮೊದಲು ಸಿ.ವಿ.ಡಿ. ನಮ್ಮ ಲೇತ್ ಕೆಲಸಗಾರರು ಕಾರ್ಬೈಡ್ ಟೂಲಿಗೆ ಏನೆನ್ನುತ್ತಾರೆ? "ವಿಡಿಯಾ". "ವಿಡಿಯಾ ಟೂಲ್ ಹಾಕು" ಎನ್ನುತ್ತಾರೆ. ವಿಡಿಯಾ ಎಂದರೆ ಏನು? ೧೯೨೬ರ ಸುಮಾರಿಗೆ ಜರ್ಮನಿಯ ಕ್ರುಪ್ ಕಂಪನಿ ಟಂಗ್‌ಸ್ಟನ್ ಕಾರ್ಬೈಡನ್ನು ಮಾರುಕಟ್ಟೆಗೆ ತಂದಾಗ "ವೀ ಡಿಯಾಮಂಟ್" ಎಂದಿತು. ಜರ್ಮನ್ ಮಾತು, "ವಜ್ರದಂತೆ" ಎಂದರ್ಥ. ಅದನ್ನೇ ಮೊಟಕು ಮಾಡಿ ವಿಡಿಯಾ ಎಂದು ಹೆಸರಿಟ್ಟರು. ನಮ್ಮ ತುಮಕೂರು ರಸ್ತೆಯಲ್ಲೇ ವಿಡಿಯಾ ಇಂಡಿಯಾ ಕಾರ್ಖಾನೆ ಬಂತು. ಈಗ ಅದು ಕೆನ್ನಾಮೆಟಲ್. ಕಂಪನಿಯ ಹೆಸರು ಬದಲಾಯಿತು, ಕೆಲಸಗಾರನ ಬಾಯಲ್ಲಿ ವಿಡಿಯಾ ಉಳಿಯಿತು. ನೋಡಿ, ಜರ್ಮನರು ಇಂಗ್ಲಿಷಿನಲ್ಲಿ ಹೆಸರಿಡಲಿಲ್ಲ. ತಮ್ಮ ಮನೆಮಾತಿನಲ್ಲಿ ಇಟ್ಟರು. ಪೀಣ್ಯದ ಕನ್ನಡಿಗ ತನಗೆ ಗೊತ್ತಿಲ್ಲದೆಯೇ ದಿನಕ್ಕೆ ಹತ್ತು ಸಲ ಜರ್ಮನ್ ಮಾತಾಡುತ್ತಾನೆ! ಮನೆಮಾತಿನಲ್ಲಿ ತಂತ್ರಜ್ಞಾನ ಬೆಳೆಯದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

೧೯೬೯ರ ಸುಮಾರಿಗೆ ಈ ಕ್ರುಪ್ ವಿಡಿಯಾ ಮತ್ತು ಸ್ವೀಡನ್ನಿನ ಸ್ಯಾಂಡ್ವಿಕ್ ಕಾರ್ಬೈಡ್ ಇನ್ಸರ್ಟಿನ ಮೇಲೆ ಟೈಟಾನಿಯಂ ಕಾರ್ಬೈಡಿನ ಪೊರೆ ಹಾಕಿ ಮಾರಲು ಶುರು ಮಾಡಿದವು. ಆಮೇಲೆ ಟೈಟಾನಿಯಂ ನೈಟ್ರೈಡ್, ಅಲ್ಯುಮಿನಿಯಂ ಆಕ್ಸೈಡ್ ಪದರಗಳು ಸೇರಿದವು. ಕೆಲಸ ಹೀಗೆ: ಟೈಟಾನಿಯಂ ಟೆಟ್ರಾಕ್ಲೋರೈಡ್ ಎಂಬ ದ್ರವವನ್ನು ಆವಿ ಮಾಡಿ, ಹೈಡ್ರೋಜನ್ ಮತ್ತು ನೈಟ್ರೋಜನ್ ಜೊತೆಗೆ ಕುಲುಮೆಯೊಳಗೆ ಬಿಡುತ್ತಾರೆ. ಒಳಗೆ ಸುಮಾರು ಸಾವಿರ ಡಿಗ್ರಿ. ಟೈಟಾನಿಯಂ ತನ್ನ ಕ್ಲೋರಿನ್ನನ್ನು ಬಿಟ್ಟು ನೈಟ್ರೋಜನ್ ಕೈಹಿಡಿದು ಇನ್ಸರ್ಟಿನ ಮೇಲೆ ಕೂರುತ್ತದೆ. ಕ್ಲೋರಿನ್ ಹೈಡ್ರೋಜನ್ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲದ ಅನಿಲವಾಗಿ ಹೊರಹೋಗುತ್ತದೆ. ಅನಿಲ ಎಲ್ಲ ಮೂಲೆಗೂ ನುಗ್ಗುವುದರಿಂದ ತೂತಿನೊಳಗೂ ಲೇಪ ಬೀಳುತ್ತದೆ. ಅಂಟು ಬಲು ಗಟ್ಟಿ.

ಆದರೆ ಸಾವಿರ ಡಿಗ್ರಿ! ಕಾರ್ಬೈಡ್ ತಡೆಯುತ್ತದೆ. ನಮ್ಮ ಡ್ರಿಲ್ ಬಿಟ್ಟಿನ ಹೈಸ್ಪೀಡ್ ಉಕ್ಕು ತಡೆಯುವುದಿಲ್ಲ. ಆ ಉಕ್ಕನ್ನು ೫೫೦ ಡಿಗ್ರಿ ಆಸುಪಾಸಿನಲ್ಲಿ ಹದ ಮಾಡಿರುತ್ತಾರೆ. ಅದಕ್ಕಿಂತ ಬಹಳ ಮೇಲೆ ಕಾಯಿಸಿದರೆ ಹದ ಹೋಗುತ್ತದೆ. ಕುಡುಗೋಲನ್ನು ಒಲೆಗೆ ಹಾಕಿ ಹದಗೆಡಿಸಿದ ಹಾಗೆ. ಕಮ್ಮಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ೫೦೦ ಡಿಗ್ರಿಯ ಒಳಗೇ ಲೇಪ ಹಾಕುವ ದಾರಿ ಬೇಕಾಯಿತು. ಅದೇ ಪಿ.ವಿ.ಡಿ.

ಇದರ ಬೇರು ಹಳೆಯದು. ೧೮೫೨ರಲ್ಲಿ ವಿಲಿಯಂ ಗ್ರೋವ್ ಗಾಳಿ ತೆಗೆದ ಕೊಳವೆಯಲ್ಲಿ ವಿದ್ಯುತ್ ಹಾಯಿಸುವಾಗ ಲೋಹ ಹಾರಿ ಬಂದು ಕೂರುವುದನ್ನು ಕಂಡ. ೧೮೫೭ರಲ್ಲಿ ಮೈಕೆಲ್ ಫ್ಯಾರಡೆ ಚಿನ್ನದ ತಂತಿಗೆ ವಿದ್ಯುತ್ ಹೊಡೆತ ಕೊಟ್ಟು ಸಿಡಿಸಿ ಪೊರೆ ಮಾಡಿ ನೋಡಿದ. ನನಗೆ ಇಷ್ಟವಾದದ್ದು ಎಡಿಸನ್ ಕತೆ. ಮೇಣದ ಮೇಲೆ ಕೆತ್ತಿದ ಹಾಡಿನ ಗೆರೆಗಳ ಮೇಲೆ ನಿರ್ವಾತದಲ್ಲಿ ಚಿನ್ನದ ತೆಳು ಪೊರೆ ಕೂರಿಸಿ, ಅದರಿಂದ ಅಚ್ಚು ತೆಗೆದು, ೧೯೦೨ರಲ್ಲಿ ಫೋನೋಗ್ರಾಫಿನ ಸಿಲಿಂಡರುಗಳನ್ನು ರಾಶಿ ರಾಶಿ ಮಾರಿದ. ಚಿನ್ನದ ಪೊರೆ ಎಷ್ಟು ನಯವೆಂದರೆ ಹಾಡಿನ ಒಂದು ಗೆರೆಯೂ ಅಳಿಯಲಿಲ್ಲ.

ನಿರ್ವಾತ ಯಾಕೆ ಬೇಕು? ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಸಂಜೆ ಆರಕ್ಕೆ ಈ ತುದಿಯಿಂದ ಆ ತುದಿಗೆ ನೇರವಾಗಿ ಓಡಿ ನೋಡಿ. ಹತ್ತು ಜನಕ್ಕೆ ಡಿಕ್ಕಿ ಹೊಡೆಯುತ್ತೀರಿ. ಬೆಳಗಿನ ಜಾವ ಮೂರಕ್ಕೆ ಓಡಬಹುದು. ಸಾಮಾನ್ಯ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಸಾಗುವ ದೂರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಗಾಳಿಯ ಒತ್ತಡವನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸಿದರೆ ಅದೇ ದೂರ ಆರೇಳು ಸೆಂಟಿಮೀಟರ್ ಆಗುತ್ತದೆ. ಆಗ ಲೋಹದ ಕಣ ಹೊರಟ ಜಾಗದಿಂದ ಬಿಟ್ಟಿನವರೆಗೆ ಬಲವಾಗಿಯೇ ಬಂದು ಬಡಿಯುತ್ತದೆ. ಮೊದಲು ಪಂಪಿನಿಂದ ಗಾಳಿಯನ್ನೆಲ್ಲ ಎಳೆದು ಹಾಕುವುದಕ್ಕೆ ಇನ್ನೂ ಒಂದು ಕಾರಣ ಇದೆ. ಒಳಗೆ ಆಮ್ಲಜನಕ, ನೀರಿನ ಪಸೆ ಉಳಿದರೆ ಟೈಟಾನಿಯಂ ಅದನ್ನೇ ಕಚ್ಚಿಕೊಂಡು ಲೇಪ ಕೆಡುತ್ತದೆ.

ಕಣಗಳನ್ನು ಕೀಳುವುದು ಹೇಗೆ? ಒಂದು, ಎಲೆಕ್ಟ್ರಾನ್ ಕಿರಣ ಬಿಟ್ಟು ಲೋಹವನ್ನು ಕುದಿಸಿ ಆವಿ ಮಾಡುವುದು. ಎರಡು, ಸ್ಪಟರಿಂಗ್. ಕೇರಂ ಆಡಿದ್ದೀರಲ್ಲ? ಆರ್ಗಾನ್ ಅನಿಲದ ಅಯಾನು ಸ್ಟ್ರೈಕರ್. ಟೈಟಾನಿಯಂ ಫಲಕ ಕಾಯಿಗಳ ಗುಂಪು. ಸ್ಟ್ರೈಕರ್ ಬಡಿದಾಗ ಕಾಯಿ ಸಿಡಿದು ಹೊರಗೆ ಬರುತ್ತದೆ. ಫಲಕದ ಹಿಂದೆ ಅಯಸ್ಕಾಂತ ಇಟ್ಟು ಎಲೆಕ್ಟ್ರಾನುಗಳನ್ನು ಅಲ್ಲೇ ಸುತ್ತಿಸಿದರೆ ಹೊಡೆತ ಬಹಳ ಹೆಚ್ಚುತ್ತದೆ. ಇದು ಮ್ಯಾಗ್ನೆಟ್ರಾನ್, ೧೯೭೦ರ ದಶಕದಲ್ಲಿ ಬಳಕೆಗೆ ಬಂತು. ಮೂರನೆಯದು ಆರ್ಕ್. ವೆಲ್ಡಿಂಗ್ ಕಿಡಿಯ ದಾಯಾದಿ. ಟೈಟಾನಿಯಂ ಮೇಲೆ ನೂರಾರು ಆಂಪಿಯರಿನ ಕಿಡಿ ಚುಕ್ಕೆ ಹುಚ್ಚು ಇರುವೆಯಂತೆ ಓಡಾಡುತ್ತ, ಮುಟ್ಟಿದಲ್ಲೆಲ್ಲ ಲೋಹವನ್ನು ಆವಿ ಮಾಡುತ್ತದೆ. ಇದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದವರು ಸೋವಿಯತ್ ಕಾಲದ ಉಕ್ರೇನಿನ ಖಾರ್ಕಿವ್ ನಗರದವರು. ೧೯೭೦ರ ದಶಕದಲ್ಲಿ ಅಲ್ಲಿ "ಬುಲಾತ್" ಎಂಬ ಯಂತ್ರಗಳನ್ನು ಮಾಡಿದರು. ಅಮೆರಿಕ ಅವರಿಂದ ಆ ವಿದ್ಯೆಯನ್ನು ಕೊಂಡಿತು! ಆರ್ಕಿನ ದೋಷ ಏನೆಂದರೆ ಆವಿಯ ಜೊತೆಗೆ ಸಣ್ಣ ಸಣ್ಣ ಲೋಹದ ಹನಿಗಳೂ ಸಿಡಿದು ಬಂದು ಕೂರುತ್ತವೆ. ಮೇಲ್ಮೈ ತರಿತರಿಯಾಗುತ್ತದೆ. ಡ್ರಿಲ್ಲಿಗೆ ಪರವಾಗಿಲ್ಲ, ಕನ್ನಡಿಯಂಥ ಅಚ್ಚಿಗೆ ಆಗದು.

ಟೈಟಾನಿಯಂ ಹೊರಟಿತು. ಈಗ ಒಳಗೆ ನೈಟ್ರೋಜನ್ ಬಿಡಬೇಕು. ಇಲ್ಲಿ ಕೈಗುಣ ಇದೆ. ನೈಟ್ರೋಜನ್ ಕಡಿಮೆಯಾದರೆ ಲೇಪ ಬೆಳ್ಳಿಯಂತೆ ಪೇಲವ ಹಳದಿ. ಸರಿಯಾದರೆ ಅಪರಂಜಿ. ಹೆಚ್ಚಾದರೆ ಕೆಂಪುಗಂದು. ಅನುಭವಿ ಆಪರೇಟರ್ ಬಾಗಿಲು ತೆಗೆದ ಕೂಡಲೆ ಬಣ್ಣ ನೋಡಿ ಹೇಳುತ್ತಾನೆ. ಬಿಟ್ಟಿಗೆ ಋಣ ವೋಲ್ಟೇಜ್ ಕೊಟ್ಟಿರುತ್ತಾರೆ. ಧನ ಅಯಾನುಗಳು ಅದರತ್ತ ಸೆಳೆದುಕೊಂಡು ಬಂದು ಜೋರಾಗಿ ಬಡಿದು ಪೊರೆಯನ್ನು ಒತ್ತೊತ್ತಾಗಿ ಗಿಡಿಯುತ್ತವೆ. ಕಣಗಳು ನೇರ ದಾರಿಯಲ್ಲಿ ಬರುವುದರಿಂದ ಮುಂದಿನ ಮೈಗೆ ಮಾತ್ರ ಲೇಪ, ಬೆನ್ನಿಗಿಲ್ಲ. ಅದಕ್ಕೆ ಬಿಟ್ಟುಗಳು ತಮ್ಮ ಸುತ್ತಲೂ ತಿರುಗಬೇಕು, ಇಡೀ ಚೌಕಟ್ಟೂ ತಿರುಗಬೇಕು. ಜಾತ್ರೆಯಲ್ಲಿ ಬುಗುರಿಗಳನ್ನು ಹೊತ್ತ ರಾಟೆಯೊಂದನ್ನು ಕಲ್ಪಿಸಿಕೊಳ್ಳಿ. ಆಳದ ತೂತಿನೊಳಗೆ ಪಿ.ವಿ.ಡಿ. ಲೇಪ ಬೀಳುವುದಿಲ್ಲ. ಅಲ್ಲಿಗೆ ಸಿ.ವಿ.ಡಿ.ಯೇ ಬೇಕು.

ಇಷ್ಟೆಲ್ಲ ಯಂತ್ರ ಇದ್ದರೂ ಕೆಲಸ ಕೆಡುವುದು ಎಲ್ಲಿ? ತೊಳೆಯುವ ಕೋಣೆಯಲ್ಲಿ! ಎಣ್ಣೆ ಪಸೆ, ಗ್ರೈಂಡಿಂಗ್ ಸುಟ್ಟ ಕಲೆ, ಒಂದು ಬೆರಳಚ್ಚು ಸಾಕು. ಕೈಗವಸಿಲ್ಲದೆ ಮುಟ್ಟಿದ ಬೆರಳಿನ ಜಿಡ್ಡಿನ ಮೇಲೆ ಕೂತ ಪೊರೆ ಹಾವಿನ ಪೊರೆಯಂತೆ ಕಳಚಿ ಬರುತ್ತದೆ. ನವಸಾಗರದ ಪಾಠ.

ಗಡಸುತನದ ಲೆಕ್ಕ ಬೇಕೇ? ವಜ್ರದ ಮೊನೆಯನ್ನು ಒತ್ತಿ, ಬಿದ್ದ ಗುಳಿ ಎಷ್ಟು ಸಣ್ಣದು ಎಂದು ನೋಡಿ ಅಳೆಯುವ ವಿಕರ್ಸ್ ಅಳತೆಯಲ್ಲಿ ಡ್ರಿಲ್ಲಿನ ಉಕ್ಕು ೮೦೦ರಿಂದ ೯೦೦. ಟೈಟಾನಿಯಂ ನೈಟ್ರೈಡ್ ೨೦೦೦ಕ್ಕೂ ಮೇಲೆ. ಅದು ಬಿಸಿಗೆ ಸೋಲುವುದು ೫೦೦-೬೦೦ ಡಿಗ್ರಿಯಲ್ಲಿ. ಗಾಳಿಯ ಆಮ್ಲಜನಕ ತಿನ್ನತೊಡಗುತ್ತದೆ. ಅದಕ್ಕೆ ಅಲ್ಯುಮಿನಿಯಂ ಸೇರಿಸಿ ಟೈಟಾನಿಯಂ ಅಲ್ಯುಮಿನಿಯಂ ನೈಟ್ರೈಡ್ ಮಾಡಿದರು. ನೇರಳೆ ಕಪ್ಪು ಬಣ್ಣ. ಬಿಸಿಯಾದಾಗ ಅದರ ಮೈಮೇಲೆ ತಾನಾಗಿಯೇ ಅಲ್ಯುಮಿನಿಯಂ ಆಕ್ಸೈಡಿನ ತೊಗಲು ಕಟ್ಟಿಕೊಂಡು ೮೦೦ ಡಿಗ್ರಿಯವರೆಗೆ ತಡೆಯುತ್ತದೆ. ಕತ್ತರಿಸುವಾಗ ತಂಪು ನೀರೂ ಬೇಡ ಎನ್ನುವ ಮಟ್ಟಕ್ಕೆ ಬಂದದ್ದು ಹೀಗೆ. ಪ್ಲಾಸ್ಟಿಕ್ ಅಚ್ಚಿಗೆ ಬೆಳ್ಳಿ ಬಣ್ಣದ ಕ್ರೋಮಿಯಂ ನೈಟ್ರೈಡ್. ಎಂಜಿನ್ ಭಾಗಗಳಿಗೆ ಜಾರುವ ಕಪ್ಪು ಇಂಗಾಲದ ಪೊರೆ, ಡಿ.ಎಲ್.ಸಿ. ಚಿಪ್ಸ್ ಪೊಟ್ಟಣದ ಒಳಗಿನ ಬೆಳ್ಳಿ ಹೊಳಪು ಕೂಡ ನಿರ್ವಾತದಲ್ಲಿ ಆವಿ ಮಾಡಿ ಕೂರಿಸಿದ ಅಲ್ಯುಮಿನಿಯಮ್ಮೇ. ಮಕ್ಕಳು ತಿಂದು ಬೀದಿಗೆ ಎಸೆಯುವುದು ಈ ವಿದ್ಯೆಯನ್ನೇ!

ಈಗ ನಮ್ಮ ಊರಿಗೆ ಬರೋಣ. ನಿರ್ವಾತದ ಕೆಲಸಕ್ಕೆ ಬೆಂಗಳೂರು ಹೊಸದಲ್ಲ. ೧೯೫೪ರಲ್ಲಿ ಶುರುವಾದ ಬಿ.ಇ.ಎಲ್. ಇಲ್ಲಿ ರೇಡಿಯೋ ವಾಲ್ವು ಮಾಡಿತು. ವಾಲ್ವು ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ ತಾನೆ? ೧೯೫೩ರ ಎಚ್.ಎಂ.ಟಿ. ಯಂತ್ರ ಮಾಡುವ ಕೈಗಳನ್ನು ತಯಾರು ಮಾಡಿತು. ಅದರ ವಾಚ್ ಕಂಪನಿಯನ್ನು ೨೦೧೬ರಲ್ಲಿ ಮುಚ್ಚಲು ದೆಹಲಿ ತೀರ್ಮಾನಿಸಿತು. ಆ ಹೊಟ್ಟೆಯುರಿ ಬೇರೆ, ಇಲ್ಲಿ ಬೇಡ. ಟಾಟಾ ಇನ್ಸ್ಟಿಟ್ಯೂಟಿನಲ್ಲಿ ತೆಳು ಪೊರೆಯ ಸಂಶೋಧನೆ ದಶಕಗಳಿಂದ ಇದೆ. ಎನ್.ಎ.ಎಲ್.ನಲ್ಲಿ ಮೇಲ್ಮೈ ಎಂಜಿನಿಯರಿಂಗಿಗೇ ಒಂದು ವಿಭಾಗ ಇದೆ. ಬಿಸಿಲನ್ನು ಹೀರುವ ಸೌರ ಲೇಪಗಳನ್ನು ಅಲ್ಲಿ ಮಾಡಿದ್ದಾರೆ. ನಿರ್ವಾತ ಯಂತ್ರಗಳನ್ನೇ ತಯಾರಿಸುವ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ ಬೆಂಗಳೂರಿನದು. ನೆಲ ನಮ್ಮದು, ನೀರು ನಮ್ಮದು, ವಿದ್ಯೆಯೂ ಇಲ್ಲೇ ಇದೆ. ಇಲ್ಲದಿರುವುದು ಒಂದೇ, ಅದು ನಮ್ಮ ಮಾತಿನಲ್ಲಿಲ್ಲ.

ಲೇಪ ಹಾಕುವ ಘಟಕಗಳಲ್ಲಿ ಬಿಟ್ಟು ತೊಳೆಯುವವರು, ಜೋಡಿಸುವವರು, ಕೋಣೆಯ ಒಳಗೋಡೆ ಉಜ್ಜುವವರು ಯಾರು? ತುಮಕೂರು, ಹಾಸನ, ಕೋಲಾರ, ರಾಯಚೂರು ಕಡೆಯ ಐ.ಟಿ.ಐ. ಹುಡುಗರು. ಪರದೆ ಮುಂದೆ ಕೂತು ಗುಂಡಿ ಒತ್ತುವವನ ಸಂಬಳಕ್ಕೂ ಇವರ ಸಂಬಳಕ್ಕೂ ಅಜಗಜಾಂತರ. ಈ ಹುಡುಗನಿಗೆ ಬಣ್ಣ ನೋಡಿ ನೈಟ್ರೋಜನ್ ಹೆಚ್ಚಾಯಿತು ಎಂದು ಗೊತ್ತಾಗುತ್ತದೆ. ಆದರೆ ಕೈಪಿಡಿ ಇಂಗ್ಲಿಷಿನಲ್ಲಿದೆ, ಪರದೆಯ ಎಚ್ಚರಿಕೆ ಇಂಗ್ಲಿಷಿನಲ್ಲಿದೆ, ಬಡ್ತಿಯ ಸಂದರ್ಶನ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ. ಕೌಶಲ ಇದ್ದೂ "ಕೌಶಲ ಇಲ್ಲದವನು" ಆಗುವುದು ಹೀಗೆ. ಇದು ಯಾವ ಸೀಮೆಯ ನ್ಯಾಯ?

ಸಂಬಳದ ಮಾತು ಒಂದು ಕಡೆ ಇರಲಿ, ಪ್ರಾಣದ ಮಾತು ಕೇಳಿ. ಆ ಕೋಣೆಯೊಳಗೆ ನೈಟ್ರೋಜನ್ ಇರುತ್ತದೆ, ಆರ್ಗಾನ್ ಇರುತ್ತದೆ. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಆರ್ಗಾನ್ ಗಾಳಿಗಿಂತ ಭಾರ, ತಳದಲ್ಲಿ ತಂಗುತ್ತದೆ. ದೊಡ್ಡ ಕೋಣೆಯೊಳಗೆ ತಲೆ ಹಾಕಿ, ಬಗ್ಗಿ ಗೋಡೆ ಉಜ್ಜುವವನಿಗೆ ಉಸಿರು ಕಟ್ಟಿದ ಅರಿವೂ ಆಗುವುದಿಲ್ಲ. ಏಕೆಂದರೆ ನಮಗೆ ಉಸಿರುಗಟ್ಟಿದ ಸಂಕಟ ಹುಟ್ಟಿಸುವುದು ಒಳಗೆ ಕೂಡಿಕೊಳ್ಳುವ ಇಂಗಾಲದ ಡೈಆಕ್ಸೈಡ್, ಆಮ್ಲಜನಕದ ಕೊರತೆಯಲ್ಲ. ಬರೀ ನೈಟ್ರೋಜನ್ ಎಳೆದುಕೊಂಡವನು ಒಂದೆರಡು ಉಸಿರಿಗೇ ಸದ್ದಿಲ್ಲದೆ ಕುಸಿಯುತ್ತಾನೆ. ಅವನನ್ನು ಎತ್ತಲು ಓಡಿದವನೂ ಅದರ ಮೇಲೆಯೇ ಬೀಳುತ್ತಾನೆ. ಸಿ.ವಿ.ಡಿ. ಘಟಕದ ಟೈಟಾನಿಯಂ ಟೆಟ್ರಾಕ್ಲೋರೈಡ್ ಸೋರಿದರೆ ಗಾಳಿಯ ತೇವಕ್ಕೆ ಕೂಡಿ ಬಿಳಿ ಹೊಗೆಯಾಗಿ ಏಳುತ್ತದೆ. ಆ ಹೊಗೆಯಲ್ಲಿರುವುದು ಆಮ್ಲ. ಕಣ್ಣು, ಗಂಟಲು, ಶ್ವಾಸಕೋಶ ಸುಡುತ್ತದೆ. ಸೋರಿದ ಜಾಗಕ್ಕೆ ನೀರು ಎರಚಬಾರದು, ಹೊಗೆ ಇನ್ನೂ ಹೆಚ್ಚುತ್ತದೆ. ಬೆಂಕಿ ಹೊಗೆ ಕಂಡರೆ ನೀರು ಎರಚುವುದು ನಮ್ಮ ಹುಟ್ಟುಗುಣ. "ನೀರು ಹಾಕಬೇಡ" ಎನ್ನುವ ಎರಡು ಮೂರು ಮಾತು ಗೋಡೆಯ ಮೇಲೆ ಕನ್ನಡದಲ್ಲಿ ಇದ್ದಿದ್ದರೆ?

ಇದು ನಮ್ಮ ಹೊಸ ಬೇಡಿಕೆ ಎಂದು ತಿಳಿಯಬೇಡಿ. ಕಾರ್ಖಾನೆಯಲ್ಲಿ ಹಾಕಬೇಕಾದ ನೋಟೀಸು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಎಂದು ೧೯೪೮ರ ಕಾರ್ಖಾನೆ ಕಾಯ್ದೆಯ ೧೦೮ನೇ ಕಲಂ ಹೇಳಿತ್ತು. ಸ್ವಾತಂತ್ರ್ಯ ಬಂದ ಮರು ವರ್ಷವೇ ಬರೆದ ಮಾತು! ಕಾಯ್ದೆಗಳ ಹೆಸರು, ಕಲಮುಗಳ ಸಂಖ್ಯೆ ಬದಲಾಗಬಹುದು. ನೈಟ್ರೋಜನ್ ಗುಣ ಬದಲಾಗುವುದಿಲ್ಲ. ಕೆಲಸಗಾರರಲ್ಲಿ ಬಿಹಾರದಿಂದ, ಒಡಿಶಾದಿಂದ ಬಂದವರು ಇದ್ದರೆ ಅವರಿಗೆ ಅವರ ಮಾತಿನಲ್ಲೂ ಹಾಕಲಿ, ಯಾರು ಬೇಡ ಎಂದರು? ಅವರ ಜೀವವೂ ಜೀವವೇ. ಕನ್ನಡ ನಾಡಿನ ಗೋಡೆಯಲ್ಲಿ ಕನ್ನಡ ಇಲ್ಲದಿರುವುದನ್ನು ನಾವು ಪ್ರಶ್ನಿಸುತ್ತಿರುವುದು.

ಇನ್ನು ಮಾತಿನ ವಿಷಯ. "ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಪದವಿಲ್ಲ" ಎನ್ನುವ ಪಂಡಿತರಿಗೆ ನಾನು ಕಳೆದ ಮುಕ್ಕಾಲು ಗಂಟೆಯಿಂದ ಹೇಳುತ್ತಿರುವುದು ಯಾವ ಭಾಷೆಯಲ್ಲಿ? ೧೯೧೮ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು "ವಿಜ್ಞಾನ" ಎಂಬ ಮಾಸಪತ್ರಿಕೆ ತಂದರು. ಶತಮಾನ ದಾಟಿತು. ಆದರೆ ನಮ್ಮ ಕಡೆಯದೂ ಒಂದು ತಪ್ಪು ದಾರಿ ಇದೆ. ಪಿ.ವಿ.ಡಿ.ಗೆ "ಭೌತಿಕ ಬಾಷ್ಪ ನಿಕ್ಷೇಪಣ" ಎಂದು ಬರೆದು ಕೈತೊಳೆದುಕೊಳ್ಳುವುದು. ಯಾವ ಹುಡುಗನ ನಾಲಿಗೆ ಇದನ್ನು ಹೊರುತ್ತದೆ? ಇಂಗ್ಲಿಷಿನ ಬೀಗ ತೆಗೆದು ಸಂಸ್ಕೃತದ ಬೀಗ ಹಾಕಿದಂತಾಯಿತು. "ಆವಿ ಲೇಪ" ಎಂದರೆ ಸಾಲದೆ? ತೆಳು ಫಿಲ್ಮಿಗೆ "ಪೊರೆ" ಇದೆ. ಹಾವಿನ ಪೊರೆ, ಕಣ್ಣಿನ ಪೊರೆ ಎಂದು ನಾವು ಆಡುವ ಮಾತೇ. ಅಂಟದೆ ಎದ್ದರೆ "ಪೊರೆ ಎದ್ದಿದೆ". ಟೆಂಪರಿಗೆ "ಹದ" ಎನ್ನುವುದಕ್ಕಿಂತ ಒಳ್ಳೆಯ ಮಾತು ಯಾವ ಭಾಷೆಯಲ್ಲಿದೆ ತೋರಿಸಿ. ಪಂಪು, ಆರ್ಕು, ಸ್ಪಟರಿಂಗು, ಟೈಟಾನಿಯಂ ಹಾಗೆಯೇ ಇರಲಿ. ಕಲಾಯಿ, ಗಿಲೀಟು ಬಂದ ಹಾಗೆ ಇವೂ ಬರಲಿ, ಸವೆಯಲಿ, ನಮ್ಮವಾಗಲಿ. ವಾಕ್ಯ ಕನ್ನಡದ್ದಾಗಿದ್ದರೆ ಸಾಕು. ೨೦೨೧ರಲ್ಲಿ ಎ.ಐ.ಸಿ.ಟಿ.ಇ. ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಕಾಗದದಿಂದ ಪುಸ್ತಕ ಹುಟ್ಟುವುದಿಲ್ಲ. ನನ್ನನ್ನು ಕೇಳಿದರೆ ಡಿಗ್ರಿಯಿಂದ ಶುರು ಮಾಡುವುದೇ ತಲೆಕೆಳಗು. ಐ.ಟಿ.ಐ.ಯಿಂದ, ಅಂಗಡಿಯ ಗೋಡೆಯಿಂದ ಶುರು ಮಾಡಬೇಕು.

ಅದಕ್ಕೆ ಈ ಶಿಬಿರದಿಂದ ಮೂರು ಪುಟದ ಒಂದು ಕರಪತ್ರ ಮಾಡುತ್ತಿದ್ದೇವೆ. ಮೊದಲ ಪುಟದಲ್ಲಿ ಅಪಾಯಗಳು: ಒಳಗೆ ತಲೆ ಹಾಕುವ ಮುಂಚೆ ಆಮ್ಲಜನಕದ ಮೀಟರ್ ನೋಡು, ಒಬ್ಬನೇ ಇಳಿಯಬೇಡ, ಬಿದ್ದವನನ್ನು ಎತ್ತಲು ಮುಖವಾಡವಿಲ್ಲದೆ ನುಗ್ಗಬೇಡ, ಹೈ ವೋಲ್ಟೇಜ್ ನೆಲಕ್ಕೆ ಇಳಿದಿದೆಯೇ ನೋಡು. ಎರಡನೇ ಪುಟದಲ್ಲಿ ಯಂತ್ರದ ಚಿತ್ರ, ಭಾಗಗಳ ಹೆಸರು. ಮೂರನೇ ಪುಟ ಖಾಲಿ. ಅದು ನಿಮಗೆ ಬಿಟ್ಟದ್ದು. ನೀವು ಇಂಥ ಘಟಕದಲ್ಲಿ ಕೆಲಸ ಮಾಡುವವರಾದರೆ, ನಿಮ್ಮ ತಮ್ಮ, ನೆರೆಯವನು ಮಾಡುತ್ತಿದ್ದರೆ, ಅಲ್ಲಿ ಕೆಲಸಗಾರರು ತಮ್ಮತಮ್ಮಲ್ಲಿ ಆಡುವ ಮಾತುಗಳನ್ನು ಬರೆದು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಆರ್ಕಿನಿಂದ ಸಿಡಿದು ಕೂರುವ ಆ ಲೋಹದ ಹನಿಗಳಿಗೆ ಪುಸ್ತಕದಲ್ಲಿ ಮ್ಯಾಕ್ರೋಪಾರ್ಟಿಕಲ್ ಎಂದಿದೆ. ಶಿಬಿರದಲ್ಲಿ ಒಬ್ಬರು "ಉಗುಳು" ಎಂದರು, ಇನ್ನೊಬ್ಬರು "ತುಂತುರು" ಎಂದರು. ನಿಮ್ಮ ಕಡೆ ಏನೆನ್ನುತ್ತೀರಿ?